ಸಾಮಾನು ಬದಲಿಸುವ ಮೊದಲು ಮೀಟರ್ ಹಚ್ಚಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳ ರಸ್ತೆಗಳಲ್ಲಿ ಹದಿನೈದು ವರ್ಷ ದಾಟಿದ ಕಾರುಗಳು ಇಂದಿಗೂ ದಿನನಿತ್ಯ ದುಡಿಯುತ್ತಿವೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800, ಅದರ ಜೊತೆಯ ಓಮ್ನಿ, ಟಾಟಾದವರ ಇಂಡಿಕಾ ಮತ್ತು ಸುಮೊ, ಮಹೀಂದ್ರದವರ ಹಳೆಯ ಬೊಲೆರೊ, ಇವನ್ನು ಇಲ್ಲಿಯ ಜನ ಶೋಕಿಗಾಗಿ ಇಟ್ಟುಕೊಂಡಿಲ್ಲ. ಕಬ್ಬಿನ ಹೊಲದ ನಡುವೆ ತೋಟದ ಮನೆ ಕಟ್ಟಿಕೊಂಡಿರುವ ಕುಟುಂಬಕ್ಕೆ ಬಸ್ಸು ಹಿಡಿಯುವುದೇ ಒಂದು ಪಯಣ. ಅರ್ಧರಾತ್ರಿ ಹೆರಿಗೆ ನೋವು ಬಂದರೆ, ವಯಸ್ಸಾದವರನ್ನು ಮಿರಜಿನ ದವಾಖಾನೆಗೆ ಮುಟ್ಟಿಸಬೇಕಾದರೆ ಈ ಗಾಡಿಯೇ ಗತಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಷ್ಟನ್ನು ಕಟ್ಟಿ ಗಾಡಿ ಉಳಿಸಿಕೊಂಡವರು ಅದು ಕೆಟ್ಟಾಗ ಕೊಡುವ ದುಡ್ಡು ಸಾರ್ಥಕವಾಗಬೇಕಲ್ಲವೆ? ಆದರೆ ಬಹಳಷ್ಟು ಸಲ ಆಗುವುದು ಹೀಗೆ: ಸ್ಟಾರ್ಟ್ ಆಗಲಿಲ್ಲ ಎಂದರೆ ಹೊಸ ಬ್ಯಾಟರಿ, ಅದಕ್ಕೂ ಆಗಲಿಲ್ಲ ಎಂದರೆ ಸೆಲ್ಫ್ ಮೋಟಾರು, ಹೀಟ್ ಆಯಿತು ಎಂದರೆ ರೇಡಿಯೇಟರ್, ಮಿಸ್ಸಿಂಗ್ ಎಂದರೆ ಪೆಟ್ರೋಲ್ ಪಂಪು. ಕೊಲ್ಹಾಪುರ, ಮಿರಜ ಎರಡೂ ಹತ್ತಿರ ಇರುವುದರಿಂದ ಸಾಮಾನಿಗೆ ಬರವಿಲ್ಲ, ಬದಲಿಸುತ್ತಲೇ ಹೋಗುತ್ತೇವೆ. ನನ್ನ ವಾದ ಇಷ್ಟೇ. ಹಳೆಯ ಗಾಡಿಯಲ್ಲಿ ಬಿಡಿಭಾಗಕ್ಕಿಂತ ಹೆಚ್ಚಾಗಿ ಕೆಡುವುದು ಆ ಭಾಗಕ್ಕೆ ಕರೆಂಟು, ನೀರು, ಗಾಳಿ, ಇಂಧನ ಮುಟ್ಟಿಸುವ ದಾರಿ. ದಾರಿಯನ್ನು ಅಳೆದು ನೋಡದೆ ಭಾಗವನ್ನು ಬದಲಿಸಿದರೆ ದುಡ್ಡು ಹೋಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಎಲ್ಲರಿಗೂ ಗೊತ್ತಿರುವ ತೊಂದರೆಯಿಂದಲೇ ಸುರುಮಾಡೋಣ. ಬೆಳಿಗ್ಗೆ ಚಾವಿ ತಿರುಗಿಸಿದರೆ ಎಂಜಿನ್ ಆಲಸಿಯಾಗಿ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಇಲ್ಲವೇ ಬರೀ ಕಟ್ ಕಟ್ ಸದ್ದು. ಬ್ಯಾಟರಿ ಹೋಯಿತು ಎನ್ನುವ ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರನ್ನು ಅದರ ಎರಡೂ ಟರ್ಮಿನಲ್‌ಗೆ ಹಚ್ಚಿ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಹೆಚ್ಚುಕಡಿಮೆ ಖಾಲಿ. ಈಗ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡಲಿ. ಒಳ್ಳೆಯ ಬ್ಯಾಟರಿ ಆ ಹೊತ್ತಿನಲ್ಲೂ ಒಂಬತ್ತೂವರೆಯ ಕೆಳಗೆ ಇಳಿಯಬಾರದು. ಇಳಿಯಲಿಲ್ಲ, ಆದರೂ ಎಂಜಿನ್ ಆಲಸಿಯಾಗಿಯೇ ತಿರುಗುತ್ತಿದೆ ಎಂದರೆ ಬ್ಯಾಟರಿ ನಿರ್ದೋಷಿ. ಆಗ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು ಮತ್ತೆ ಸೆಲ್ಫ್ ಹೊಡೆಯಿರಿ. ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಲೆಕ್ಕ ಸರಳವಾಗಿದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರು ಕೂಡ 100 ಆಂಪಿಯರ್ ಆಸುಪಾಸು ಕರೆಂಟು ಎಳೆಯುತ್ತದೆ. ದಾರಿಯಲ್ಲಿ ಓಮ್‌ನ ನೂರನೆಯ ಒಂದು ಪಾಲು ಅಡ್ಡಿ ಇದ್ದರೂ ಒಂದು ಪೂರ್ತಿ ವೋಲ್ಟ್ ಅಲ್ಲೇ ಕರಗುತ್ತದೆ. ನೂರನೆಯ ಒಂದು ಪಾಲು ಓಮ್ ಎಂದರೆ ಟರ್ಮಿನಲ್ ಕ್ಲಾಂಪಿನ ಒಳಗೆ ಕುಳಿತ ಬಿಳಿ-ಹಸಿರು ಪುಡಿ, ಜಂಗು ಹಿಡಿದ ಒಂದು ಬೋಲ್ಟು, ಪೇಂಟಿನ ಮೇಲೆಯೇ ಬಿಗಿದ ಒಂದು ಅರ್ಥಿಂಗ್ ಪಟ್ಟಿ, ಅಷ್ಟೇ. ಸ್ಯಾಂಡ್‌ಪೇಪರ್ ಹಿಡಿದು ಹತ್ತು ನಿಮಿಷ ಉಜ್ಜಿ ಬಿಗಿದರೆ ಮುಗಿಯುವ ಕೆಲಸವಿದು. ಅರ್ಥಿಂಗ್ ಪಟ್ಟಿ ಪೂರ್ತಿ ಕಡಿದಿದ್ದರೆ ಕರೆಂಟು ಬ್ಯಾಟರಿಗೆ ಮರಳಲು ಬೇರೆ ದಾರಿ ಹುಡುಕುತ್ತದೆ, ಆಕ್ಸಿಲರೇಟರ್ ಕೇಬಲ್ಲಿನ ಒಳಗಿನ ಉಕ್ಕಿನ ತಂತಿಯೂ ಅದಕ್ಕೆ ಸಾಕು. ಸೆಲ್ಫ್ ಹೊಡೆದ ಮೇಲೆ ಕೇಬಲ್ ಬಿಸಿಯಾಗುತ್ತದೆ, ಕ್ರಮೇಣ ಸುಟ್ಟು ಬಿಗಿಯಾಗುತ್ತದೆ. ಕೇಬಲ್ ಬದಲಿಸಿದವರಿಗೆ ಮುಂದಿನ ತಿಂಗಳು ಮತ್ತೊಂದು ಕೇಬಲ್ ಬೇಕಾಗುತ್ತದೆ.

ಇದೇ ಲೆಕ್ಕವನ್ನು ಹೆಡ್‌ಲೈಟಿಗೆ ಹಚ್ಚಿ ನೋಡಿದರೆ ಮಾತು ಇನ್ನೂ ಗಂಭೀರವಾಗುತ್ತದೆ. ನಮ್ಮ ಭಾಗದಲ್ಲಿ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಗುತ್ತವೆ, ಹಿಂದಿನ ಟ್ರೇಲರಿಗೆ ಕೆಂಪು ದೀಪವಿಲ್ಲದೆ, ರಿಫ್ಲೆಕ್ಟರೂ ಇಲ್ಲದೆ ಸಾಗುವವೂ ಇವೆ. ಹಳೆಯ ಕಾರಿನ ದೀಪ ಮಂದವಾಗಿದ್ದರೆ ಅದು ಜೀವದ ಪ್ರಶ್ನೆ. ಹ್ಯಾಲೊಜನ್ ಬಲ್ಬಿನ ಸ್ವಭಾವ ಹೇಗೆಂದರೆ, ಅದಕ್ಕೆ ಮುಟ್ಟುವ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಡೈನಮೋ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14 ವೋಲ್ಟ್ ಇದ್ದು, ಬಲ್ಬಿನ ಹೋಲ್ಡರಿನಲ್ಲಿ 12.5 ಮಾತ್ರ ಬರುತ್ತಿದ್ದರೆ ಬಲ್ಬು ಹೊಸದಾದರೂ ರಸ್ತೆ ಕಾಣುವುದಿಲ್ಲ. ಮಾಲೀಕರು ಆಗ 55 ವ್ಯಾಟಿನ ಬಲ್ಬು ತೆಗೆಸಿ 100 ವ್ಯಾಟಿನದು ಹಾಕಿಸುತ್ತಾರೆ. ಮೊದಲು ಎರಡು ಬಲ್ಬು ಸೇರಿ ಒಂಬತ್ತು-ಹತ್ತು ಆಂಪಿಯರ್ ಹರಿಯುತ್ತಿದ್ದ ಸಣ್ಣ ತಂತಿಯಲ್ಲಿ ಈಗ ಹದಿನಾರು-ಹದಿನೇಳು ಹರಿಯಬೇಕು. ದಾರಿಯಲ್ಲಿ ಕರಗುವ ವೋಲ್ಟೇಜ್ ಕರೆಂಟಿನ ಜೊತೆಗೇ ಏರುತ್ತದೆ; ತಂತಿ ಕಾಯುತ್ತದೆ, ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಗೂ ಅದೇ ಮೂಲವಾಗಬಹುದು. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಫ್ಯೂಸ್ ಮತ್ತು ರಿಲೇ ಕೂಡಿಸಿ, ಹಳೆಯ 55 ವ್ಯಾಟಿನ ಬಲ್ಬನ್ನೇ ಉಳಿಸಿದರೆ ಕಳೆದುಹೋದ ಬೆಳಕು ಮರಳಿ ಬರುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದ 2019 ಮತ್ತು 2021ರ ಮಹಾಪೂರದಲ್ಲಿ ನೀರು ಕಂಡ ಗಾಡಿಗಳಲ್ಲಂತೂ ಈ ಅಳತೆ ಕಡ್ಡಾಯವೆಂದೇ ಹೇಳುತ್ತೇನೆ. ರಾಡಿ ನೀರು ಇಳಿದುಹೋದರೂ ಕನೆಕ್ಟರುಗಳ ಒಳಗೆ ಕೂತ ತೇವ ತಿಂಗಳುಗಟ್ಟಲೆ ತಾಮ್ರವನ್ನು ತಿನ್ನುತ್ತದೆ. ಎಷ್ಟೋ ದಿನದ ಮೇಲೆ ಕಾಣಿಸಿಕೊಳ್ಳುವ ದೋಷಕ್ಕೂ ಮಹಾಪೂರಕ್ಕೂ ಸಂಬಂಧವಿದೆ ಎಂದು ಮಾಲೀಕರಿಗೆ ಹೊಳೆಯುವುದೇ ಇಲ್ಲ.

ನಿಂತಲ್ಲೇ ಬ್ಯಾಟರಿ ಇಳಿಯುವ ತಕರಾರಿಗೆ ಹೆಚ್ಚು ಮಾತು ಬೇಡ. ಎಲ್ಲ ಆಫ್ ಮಾಡಿ, ಮೈನಸ್ ತಂತಿ ಬಿಚ್ಚಿ, ಮೀಟರನ್ನು ಆಂಪಿಯರ್ ಅಳತೆಗೆ ಇಟ್ಟು ನಡುವೆ ಸೇರಿಸಿ. ಮೀಟರ್ ನಡುವೆ ಇರುವಾಗ ಮಾತ್ರ ಸೆಲ್ಫ್ ಹೊಡೆಯಲೇಬಾರದು, ಸುಟ್ಟುಹೋಗುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. 35ರ ಬ್ಯಾಟರಿ ಮೂರನೆಯ ದಿನ ಬರಿದು. ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋಗಿ. ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಬಹುತೇಕ ಅವನು ಆಮೇಲೆ ಕೂಡಿಸಿದ ಟೇಪು, ಸೆಂಟ್ರಲ್ ಲಾಕ್ ಅಥವಾ ಡಿಕ್ಕಿಯ ದೀಪ. ಕಬ್ಬು ಕಡಿದ ಮೇಲೆ ಹೊಲದ ಇಲಿ ಬಾನೆಟ್ಟಿನೊಳಗೆ ಸೇರುವುದರಿಂದ ಕಡಿದ ತಂತಿಯನ್ನೂ ಹುಡುಕಬೇಕು.

ಇನ್ನು ಹೀಟ್ ಆಗುವ ವಿಷಯ. ಇದರಲ್ಲಿ ಮೀಟರಿಗಿಂತ ಮೊದಲು ಬೇಕಾದದ್ದು ಒಂದು ಪ್ರಶ್ನೆ: ಯಾವಾಗ? ಅಥಣಿ ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಮುಳ್ಳು ಏರಿ, ಹೊರಗೆ ಬಂದು ವೇಗ ಹಿಡಿದ ಕೂಡಲೆ ಇಳಿಯುತ್ತದೆಯೆ? ಹಾಗಾದರೆ ನೀರಿನ ದಾರಿ ಚೆನ್ನಾಗಿದೆ, ಗಾಳಿಯ ದಾರಿ ಕೆಟ್ಟಿದೆ. ಫ್ಯಾನು, ಅದರ ಸ್ವಿಚ್ಚು, ರಿಲೇ ನೋಡಬೇಕು. ಇದರ ಉಲ್ಟಾ, ಊರೊಳಗೆ ಸರಿಯಿದ್ದು ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಏರುವಾಗ ಮಾತ್ರ ಕಾಯುತ್ತದೆಯೆ? ಆಗ ಫ್ಯಾನನ್ನು ಬಯ್ದು ಫಲವಿಲ್ಲ, ರೇಡಿಯೇಟರ್ ಕಟ್ಟಿಕೊಂಡಿದೆ. ಹೊರಗಿನಿಂದ ಕಟ್ಟಿಸುವುದು ರಸ್ತೆಯ ಧೂಳು ಮತ್ತು ಕಬ್ಬಿನ ರವದಿ. ಒಳಗಿನಿಂದ ಕಟ್ಟಿಸುವುದು ನಮ್ಮದೇ ನೀರು. ರಾಯಬಾಗ, ಅಥಣಿ, ಕಾಗವಾಡದ ನದಿದಂಡೆಯ ಎಷ್ಟೋ ಜಮೀನು ಅತಿ ನೀರಾವರಿಯಿಂದ ಸವುಳು-ಜವುಳು ಹಿಡಿದದ್ದು ರೈತರಿಗೆ ಗೊತ್ತೇ ಇದೆ. ಇಂಥ ನೆಲದ ಬೋರಿನ ನೀರಿನಲ್ಲಿ ಉಪ್ಪು-ಸುಣ್ಣ ಕರಗಿರುತ್ತದೆ. ಅದನ್ನೇ ರೇಡಿಯೇಟರಿಗೆ ತುಂಬಿದರೆ ಸುಣ್ಣ ಸಣ್ಣ ಕೊಳವೆಗಳ ಒಳಗೋಡೆಗೆ ಪದರ ಪದರವಾಗಿ ಕೂಡುತ್ತದೆ, ಉಪ್ಪು ಲೋಹವನ್ನು ತಿನ್ನುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕೂಲಂಟ್ ಬೆರೆಸಿ ಹಾಕುವ ಖರ್ಚು ಈ ಹಾನಿಯ ಮುಂದೆ ಏನೂ ಅಲ್ಲ.

ರೇಡಿಯೇಟರ್ ಕ್ಯಾಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪು ನೀರಿನ ಕುದಿಯುವ ಬಿಂದುವನ್ನು ಸುಮಾರು 118 ಡಿಗ್ರಿಗೆ ಏರಿಸುತ್ತದೆ. ಅದರ ರಬ್ಬರು ಗಟ್ಟಿಯಾಗಿ ಒತ್ತಡ ಸೋರಿದರೆ ನೀರು ನೂರರ ಆಸುಪಾಸಿನಲ್ಲೇ ಕುದಿದು ಉಕ್ಕುತ್ತದೆ. ಏನೂ ಕೆಡದ ಎಂಜಿನ್ನೂ ಕೆಟ್ಟಂತೆ ಕಾಣುತ್ತದೆ. ಬಿಸಿ ಇರುವಾಗ ಆ ಕ್ಯಾಪನ್ನು ಬಿಚ್ಚಬೇಡಿ, ಮುಖ ಸುಟ್ಟೀತು. ಥರ್ಮೋಸ್ಟ್ಯಾಟಿಗೂ ನಮ್ಮಲ್ಲಿ ಅನ್ಯಾಯವಾಗುತ್ತಿದೆ. ಹೀಟ್ ಎಂದ ಕೂಡಲೆ ಅದನ್ನು ತೆಗೆದು ಒಗೆಯುವುದು ರೂಢಿಯಾಗಿಬಿಟ್ಟಿದೆ. ಅದು ನಿಜವಾಗಿಯೂ ಮುಚ್ಚಿಕೊಂಡು ಕುಳಿತಿದ್ದರೆ ಎಂಜಿನ್ ಕಾದರೂ ರೇಡಿಯೇಟರಿನ ಮೇಲಿನ ಪೈಪು ತಣ್ಣಗೇ ಇರುತ್ತದೆ. ಕೈಯಿಂದ ಮುಟ್ಟಿ ತಿಳಿಯಬಹುದು, ಬಿಚ್ಚಿ ಬಿಸಿನೀರಿನಲ್ಲಿ ಹಾಕಿಯೂ ನೋಡಬಹುದು. 82 ಡಿಗ್ರಿಯದಾದರೆ ನೀರು ಕುದಿಯುವ ಮೊದಲೇ ಬಾಯಿ ತೆರೆಯಬೇಕು. ಪರೀಕ್ಷೆ ಮಾಡದೆ ತೆಗೆದುಹಾಕಿದರೆ ಎಂಜಿನ್ ತನಗೆ ಬೇಕಾದ ಬಿಸಿಗೆ ಬರುವುದೇ ಇಲ್ಲ. ಇಂಜೆಕ್ಷನ್ ಗಾಡಿಯ ಕಂಪ್ಯೂಟರು ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅದು ಆಯಿಲ್‌ಗೆ ಇಳಿದು ಸಿಲಿಂಡರ್ ಸವೆಸುತ್ತದೆ.

ಇಲ್ಲಿಂದ ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಪ್ರಶ್ನೆಗೆ ಬರೋಣ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು; 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. 1939ರಷ್ಟು ಹಿಂದಿನ ಉಗಾರದ ಕಾರ್ಖಾನೆಯಿಂದ ಹಿಡಿದು ನಮ್ಮ ಸೀಮೆಯಲ್ಲಿ ಸಕ್ಕರೆಯ ಜೊತೆ ಡಿಸ್ಟಿಲರಿ ನಡೆಸುವ ಕಾರ್ಖಾನೆಗಳಿವೆ. ಇಲ್ಲಿಯ ಹೊಲದ ಕಬ್ಬೇ ಟ್ಯಾಂಕಿಗೆ ಮರಳುತ್ತಿದೆ. ಹೀಗಾಗಿ ಎಥನಾಲನ್ನು ಹೊಗಳುವವರೂ ಬಯ್ಯುವವರೂ ಇಲ್ಲಿ ಹೆಚ್ಚು, ಅಳೆಯುವವರು ಕಡಿಮೆ. ಎಥನಾಲಿನಿಂದ ಹಳೆಯ ಗಾಡಿಗೆ ಆಗುವ ತೊಂದರೆ ಸುಳ್ಳಲ್ಲ. ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಅದು ಉಬ್ಬಿಸಿ ಮೆತ್ತಗೆ ಮಾಡಬಲ್ಲದು. ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ. ತೇವವನ್ನು ಹೀರಿ, ಮಿತಿ ಮೀರಿದಾಗ ನೀರಿನ ಜೊತೆ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ತನ್ನ ಮಿಶ್ರಣವನ್ನು ಸ್ವಲ್ಪ ಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಹಳೆಯ ಮಾರುತಿಗೆ ಆ ಶಕ್ತಿಯಿಲ್ಲ, ಚಳಿಗಾಲದ ಬೆಳಿಗ್ಗೆ ಅದು ಹಟ ಮಾಡುವುದು ಸಹಜ. ಇಷ್ಟನ್ನು ಒಪ್ಪಿಕೊಂಡೇ ಕೇಳುತ್ತೇನೆ: ಮೈಲೇಜ್ ಎಷ್ಟು ಇಳಿಯಿತು? 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇಕಡಾ 6-7ರ ಇಳಿಕೆ ಅಂದಾಜಿಸಿತ್ತು. ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 15ಕ್ಕೆ ಬಂದರೆ ಎಥನಾಲ್ ಎನ್ನಬಹುದು. ಅದು 11ಕ್ಕೆ ಬಂದಿದ್ದರೆ ಮಿಕ್ಕ ನಾಲ್ಕಕ್ಕೆ ಬೇರೆ ಕಾರಣ ಇರಲೇಬೇಕು. ಅದನ್ನು ಹುಡುಕಲು ಹತ್ತು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಒಂದೇ ಚಕ್ರ ಕಾದಿದ್ದರೆ ಬ್ರೇಕ್ ಅಂಟಿಕೊಂಡೇ ಓಡುತ್ತಿದೆ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಥರ್ಮೋಸ್ಟ್ಯಾಟ್ ಇದೆಯೋ ಇಲ್ಲವೋ ಕೇಳಿ. ಎಲ್ಲ ತಪ್ಪನ್ನೂ ಎಥನಾಲಿನ ಮೇಲೆ ಹೊರಿಸಿದರೆ ಅಂಟಿದ ಬ್ರೇಕು ಹಾಗೇ ಉಳಿದು ಒಂದು ದಿನ ಘಾಟಿನಲ್ಲಿ ಕೈಕೊಟ್ಟೀತು.

ಈಗ ಆಕ್ಷೇಪಗಳು. ನುರಿತ ಮಿಸ್ತ್ರಿಗೆ ಮೀಟರ್ ಯಾಕೆ, ಸದ್ದು ಕೇಳಿಯೇ ಹೇಳುತ್ತಾನೆ ಎನ್ನುವ ಮಾತು ಮೊದಲನೆಯದು. ಅದರಲ್ಲಿ ಬಹಳ ಸತ್ಯವಿದೆ, ಅಂಥ ಕಿವಿಗಳ ಬಗ್ಗೆ ನನಗೆ ನಿಜವಾದ ಗೌರವವಿದೆ. ಟ್ಯಾಪೆಟ್ಟಿನ ಸದ್ದನ್ನೂ ಬೇರಿಂಗಿನ ಸದ್ದನ್ನೂ ಬಾನೆಟ್ ತೆರೆಯದೆ ಬೇರ್ಪಡಿಸುವವರು ಇದ್ದಾರೆ. ಆದರೆ ಅಡ್ಡಿಯುಳ್ಳ ಒಂದು ಜೋಡಣೆ ಸದ್ದು ಮಾಡುವುದಿಲ್ಲ, ವಾಸನೆ ಬೀರುವುದಿಲ್ಲ. ಕರೆಂಟು ಕಿವಿಗೆ ಕೇಳುವ ವಸ್ತುವಲ್ಲ. ಹಿರಿಯ ಮಿಸ್ತ್ರಿಗಳು ಹಳೆಯ ಕಾಲದಿಂದಲೂ ಎರಡು ತಂತಿಯ ಬಲ್ಬಿನ ಟೆಸ್ಟ್ ಲ್ಯಾಂಪ್ ಇಟ್ಟುಕೊಂಡಿರುವುದು ಇದನ್ನು ಅರಿತೇ. ಮೀಟರ್ ಅದೇ ಅಭ್ಯಾಸದ ಮುಂದಿನ ಹೆಜ್ಜೆ. ಎರಡನೆಯದಾಗಿ, ಸ್ಕ್ಯಾನರ್ ಹಚ್ಚಿದರೆ ಎಲ್ಲ ಗೊತ್ತಾಗುತ್ತದಲ್ಲ ಎನ್ನುತ್ತಾರೆ. ಕಾರ್ಬುರೇಟರಿನ ಗಾಡಿಗೆ ಅದನ್ನು ಹಚ್ಚುವ ಜಾಗವೇ ಇಲ್ಲ. ಜಾಗ ಇರುವ ಗಾಡಿಯಲ್ಲೂ ಅದು ಲಕ್ಷಣ ಹೇಳುತ್ತದೆ, ಕಾರಣವನ್ನು ನಾವೇ ಹುಡುಕಬೇಕು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ಕೋಡ್ ಬಂದ ಕೂಡಲೆ ಸಾವಿರಾರು ರೂಪಾಯಿಯ ಆಕ್ಸಿಜನ್ ಸೆನ್ಸರ್ ಬದಲಿಸುವವರಿದ್ದಾರೆ. ಸೆನ್ಸರ್ ತಾನು ಕಂಡ ಸತ್ಯವನ್ನು ಹೇಳಿದೆ ಅಷ್ಟೇ; ದೋಷ ಬಿರುಕು ಬಿಟ್ಟ ಒಂದು ವ್ಯಾಕ್ಯೂಮ್ ಪೈಪಿನಲ್ಲಿರಬಹುದು.

ಅಳೆಯುತ್ತ ಕೂರಲು ವೇಳೆ ಎಲ್ಲಿದೆ, ಸಾಮಾನು ಸೋವಿ ಇದೆ, ಹಾಕಿ ನೋಡೋಣ ಎಂಬುದು ಹೆಚ್ಚು ಬಲವಾದ ಆಕ್ಷೇಪ. ಬಾಗಿಲಲ್ಲಿ ಆರು ಗಾಡಿ ನಿಂತಿರುವ ಗ್ಯಾರೇಜಿನವರ ಒತ್ತಡ ನನಗೆ ಅರ್ಥವಾಗುತ್ತದೆ. ಐವತ್ತು ರೂಪಾಯಿಯ ಫ್ಯೂಸಿಗೋ ಬಲ್ಬಿಗೋ ಈ ಮಾತು ಸರಿ. ಆದರೆ ಸೆಲ್ಫ್ ಮೋಟಾರು ಬಿಚ್ಚಿ ಹಾಕುವ ಹೊತ್ತಿನಲ್ಲಿ ಮೇಲೆ ಹೇಳಿದ ಬ್ಯಾಟರಿ, ಅರ್ಥಿಂಗಿನ ಅಳತೆಗಳನ್ನು ಹತ್ತಾರು ಸಲ ಮಾಡಬಹುದು. ಸೋವಿ ಸಾಮಾನಿನಲ್ಲಿ ಇನ್ನೊಂದು ಅಪಾಯವಿದೆ: ಕಂಪನಿಯ ಹಳೆಯ ಭಾಗ ಗಟ್ಟಿಯಾಗಿದ್ದರೂ ಅದನ್ನು ತೆಗೆದು ಅದಕ್ಕಿಂತ ಕಳಪೆಯದನ್ನು ಹಾಕಿರುತ್ತೇವೆ, ಹಳೆಯದು ಭಂಗಾರಕ್ಕೆ ಹೋಗಿರುತ್ತದೆ. ಹಳೆಯ ಗಾಡಿ ಎಂದ ಮೇಲೆ ಮಾರಿಬಿಡುವುದೇ ಒಳ್ಳೆಯದು ಎನ್ನುವವರಿಗೂ ಅಳತೆಯೇ ಉತ್ತರ ಕೊಡಬೇಕು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿನ ಕಂಪ್ರೆಶನ್ ನೋಡಿ. ಯಾವುದರಲ್ಲಿ ಕಡಿಮೆಯಿದೆಯೋ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗು ಸವೆದಿವೆ. ಏರದಿದ್ದರೆ ವಾಲ್ವು ಕೂರುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಲ್ಲ ಸಿಲಿಂಡರಿನ ರಿಂಗೂ ಸವೆದು, ಕೆಳಗೆ ಚಾಸಿಗೂ ಜಂಗು ಹಿಡಿದಿದ್ದರೆ ಗಾಡಿಯನ್ನು ಬಿಟ್ಟುಕೊಡಿ ಎಂದು ನಾನೇ ಹೇಳುತ್ತೇನೆ. ಬ್ರೇಕು, ಸ್ಟಿಯರಿಂಗು, ಟೈರಿನ ವಿಷಯದಲ್ಲೂ ನನ್ನ ವಾದವನ್ನು ಚಾಚಬಾರದು. ಅಲ್ಲಿ ಅನುಮಾನ ಬಂದರೆ ಸಾಕು, ದುಡ್ಡಿನ ಮುಖ ನೋಡದೆ ಬದಲಿಸಬೇಕು.

ಗಾಡಿ ಇಟ್ಟವರು ಮಾಡಬಹುದಾದ ಒಂದು ಕೆಲಸವಿದೆ. ಗ್ಯಾರೇಜಿನ ಬಿಲ್ಲಿನಲ್ಲಿ ಈಗ ಸಾಮಾನಿನ ಹೆಸರು, ಬೆಲೆ, ಮಜೂರಿ ಇರುತ್ತವೆ. ಯಾಕೆ ಬದಲಿಸಿದರು ಎಂಬುದು ಇರುವುದಿಲ್ಲ. ಅದರ ಬೆನ್ನಿಗೆ ಮೂರು ಸಂಖ್ಯೆ ಬರೆದುಕೊಡಲು ಕೇಳಿ: ನಿಂತಾಗ ಬ್ಯಾಟರಿಯ ವೋಲ್ಟೇಜ್, ಸೆಲ್ಫ್ ಹೊಡೆದಾಗ ಎಷ್ಟು, ಎಂಜಿನ್ ಓಡುವಾಗ ಡೈನಮೋ ಎಷ್ಟು ಕೊಡುತ್ತಿದೆ. ಮೂರನೆಯದು 13.8ರಿಂದ 14.5ರೊಳಗೆ ಇರಬೇಕು, 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಹೊಸ ಬ್ಯಾಟರಿಯೂ ಕುದಿದು ಒಣಗುತ್ತದೆ. ನೀವೂ ಗ್ಯಾರೇಜಿಗೆ ಹೋಗುವಾಗ ದೋಷ ಯಾವಾಗ ಬರುತ್ತದೆ, ತಣ್ಣಗಿದ್ದಾಗಲೋ ಕಾದ ಮೇಲೋ, ಮಳೆಯಲ್ಲೋ ಬಿಸಿಲಲ್ಲೋ, ಎಷ್ಟು ಕಿಲೋಮೀಟರ್ ಓಡಿದ ಮೇಲೆ ಎಂದು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಪಿಕಪ್ ಇಲ್ಲ, ನೋಡಿ ಎಂದಷ್ಟೇ ಹೇಳಿದವರ ಗಾಡಿಯನ್ನು ಮಿಸ್ತ್ರಿ ಊಹೆಯಿಂದಲೇ ಬಿಚ್ಚಬೇಕಾಗುತ್ತದೆ. ಚೀಟಿಯನ್ನೂ ಬಿಲ್ಲನ್ನೂ ಆರ್‌ಸಿ ಪುಸ್ತಕದ ಜೊತೆಗೇ ಇಡಿ. ಮುಂದಿನ ಸಲ ಗಾಡಿ ನಿಂತಾಗ ಹೊಸ ಸಂಖ್ಯೆಯನ್ನು ಹೋಲಿಸಿ ನೋಡಲು ಹಳೆಯದು ಕೈಯಲ್ಲಿರುತ್ತದೆ.